ಗೈಡ್ ‘ಕಥೆ ಬೇಡ, ಡೇಟಾ ತನ್ನಿ’ ಅಂದರೆ ಏನು ಮಾಡುವುದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಂ.ಎಡ್. ಪ್ರಬಂಧಕ್ಕೆ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿದವರ ಶಾಲಾ ದಿನಗಳ ಕಥೆ ಸಂಗ್ರಹಿಸಬೇಕು ಅಂತಿದ್ದೀರಿ. ಗೈಡ್ ‘ಕಥೆ ಬೇಡ, ಡೇಟಾ ತನ್ನಿ’ ಅಂದಿದ್ದಾರೆ. ಸ್ವಂತ ಕಥೆ ಸಂಶೋಧನೆ ಆಗುತ್ತದಾ, ಎಷ್ಟು ಜನರನ್ನು ಮಾತಾಡಿಸಬೇಕು, ಅವರು ಸುಳ್ಳು ಹೇಳಿದರೆ ಏನು ಗತಿ ಅಂತ ಕೇಳಿದ್ದೀರಿ.

ಆಗುತ್ತದೆ. ನಾನೇ ಮಾಡಿದ್ದೇನೆ. ಮಂಜೇಶ್ವರ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುತ್ತಾ, ಶನಿವಾರ ಭಾನುವಾರ ಮನೆ ಮನೆ ತಿರುಗಿ, ಹೆಚ್ಚುಕಡಿಮೆ ನಿಮ್ಮದೇ ವಿಷಯದ ಮೇಲೆ ಪ್ರಬಂಧ ಬರೆದವಳು ನಾನು. ಚೆನ್ನಾಗಿ ಮಾಡಿದೆ ಅಂತ ಹೇಳುವುದಿಲ್ಲ. ಮೊದಲ ಆರು ತಿಂಗಳ ಕೆಲಸ ಪೂರ್ತಿ ಹಾಳಾಗಿತ್ತು. ಹೇಗೆ ಹಾಳಾಯಿತು ಅಂತ ಹೇಳಿದರೆ ನಿಮಗೆ ಜಾಸ್ತಿ ಉಪಯೋಗ ಆಗಬಹುದು.

ಮೊದಲು ಗೈಡ್ ವಿಷಯ ಮುಗಿಸುತ್ತೇನೆ. ಜನರ ಅನುಭವದ ಕಥೆಗಳನ್ನೇ ಇಟ್ಟುಕೊಂಡು ಸಂಶೋಧನೆ ಮಾಡುವ ಈ ವಿಧಾನಕ್ಕೆ ನ್ಯಾರೇಟಿವ್ ಇನ್‌ಕ್ವೈರಿ ಅಂತ ಹೆಸರು. ಶಿಕ್ಷಣ ಸಂಶೋಧನೆಯಲ್ಲಿ ಇದು ಹೊಸತೇನಲ್ಲ. ಕೆನಡಾದ ಕಾನೆಲಿ ಮತ್ತು ಕ್ಲಾಂಡಿನಿನ್ 1990ರಲ್ಲೇ ಇದರ ಬಗ್ಗೆ ಬರೆದ ಲೇಖನವನ್ನು ಇವತ್ತಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಒಂದು ಅನುಭವವನ್ನು ಮೂರು ಕಡೆಯಿಂದ ನೋಡಿ ಅನ್ನುತ್ತಾರೆ ಅವರು: ಅದು ಯಾವ ಕಾಲದ್ದು, ಯಾರ ಯಾರ ನಡುವೆ ನಡೆದದ್ದು, ಯಾವ ಜಾಗದಲ್ಲಿ ನಡೆದದ್ದು. ಗೈಡ್ ಕೋಣೆಗೆ ಬರಿಗೈಯಲ್ಲಿ ಹೋಗಬೇಡಿ. ಆ ಲೇಖನದ ಒಂದು ಪ್ರತಿ ಮೇಜಿನ ಮೇಲಿಡಿ. ಶೋಧಗಂಗಾ ಅನ್ನುವ, ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ ಹುಡುಕಿದರೆ ನಮ್ಮ ದೇಶದಲ್ಲೇ ಇದೇ ರೀತಿ ಮಾಡಿದ ಪಿಎಚ್‌.ಡಿ.ಗಳು ಪುಕ್ಕಟೆ ಸಿಗುತ್ತವೆ, ಅದರಲ್ಲಿ ಒಂದೆರಡನ್ನು ತೋರಿಸಿ. ಹೆಚ್ಚಿನ ಗೈಡ್‌ಗಳು ಅಲ್ಲಿಗೆ ಒಪ್ಪುತ್ತಾರೆ. ಒಪ್ಪದವರಿಗೆ ಇನ್ನೊಂದು ಮಾತು ಉಂಟು. ಕೇರಳದ ಎಸ್ಎಸ್ಎಲ್‌ಸಿ ಫಲಿತಾಂಶ 2023ರಲ್ಲಿ ಶೇ. 99.70, 2024ರಲ್ಲಿ ಶೇ. 99.69. ಪಾಸಾದವರ ಸಂಖ್ಯೆ ನೋಡಿದರೆ ಯಾರಿಗೂ ಏನೂ ತೊಂದರೆಯೇ ಇಲ್ಲ! ಹಾಗಾದರೆ ನಮ್ಮ ಮಕ್ಕಳು ತರಗತಿಯಲ್ಲಿ ಏನನ್ನು ದಾಟಿ ಬಂದರು ಅಂತ ಯಾವ ಅಂಕಪಟ್ಟಿ ಹೇಳುತ್ತದೆ ಅಂತ ಕೇಳಿ.

ಈಗ ನನ್ನ ಕಥೆಗೆ ಬರುತ್ತೇನೆ.

ನಾನು ಮಾತಾಡಿಸಿದವರಲ್ಲಿ ಒಬ್ಬರು ಬೀಡಿ ಕಟ್ಟುವ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವರು, ಮನೆಮಾತು ತುಳು, ಹತ್ತನೇವರೆಗೆ ಕನ್ನಡ ಮಾಧ್ಯಮ. ಮೊದಲ ಸಲ ಹೋದಾಗ ನಾನು ಶಾಲೆಯಿಂದ ನೇರ ಹೋಗಿದ್ದೆ. ಕೈಯಲ್ಲಿ ಫೈಲು, ಬಾಯಲ್ಲಿ ಪುಸ್ತಕದ ಕನ್ನಡ. ‘ನಿಮ್ಮ ಶಾಲಾ ದಿನಗಳಲ್ಲಿ ನೀವು ಎದುರಿಸಿದ ಸಮಸ್ಯೆಗಳು ಯಾವುವು?’ ಅಂತ ಕೇಳಿದೆ. ಅವರೂ ಅಷ್ಟೇ ಶಿಸ್ತಾಗಿ, ಇನ್‌ಸ್ಪೆಕ್ಟರ್ ಬಂದಾಗ ಮಕ್ಕಳು ಉತ್ತರ ಹೇಳುವ ಹಾಗೆ ಹೇಳಿದರು: ‘ಸಮಸ್ಯೆ ಏನೂ ಇರಲಿಲ್ಲ ಟೀಚರೇ, ಎಲ್ಲ ಮಾಷ್ಟ್ರುಗಳೂ ಒಳ್ಳೆಯವರು.’ ಹತ್ತು ನಿಮಿಷದಲ್ಲಿ ಸಂದರ್ಶನ ಖಾಲಿ. ಚಹಾ ಕುಡಿದು ಬಂದೆ.

ಎರಡನೇ ಸಲ ಭಾನುವಾರ ಹೋದೆ. ಫೈಲು ಇಲ್ಲ. ತುಳುವಿನಲ್ಲೇ ಮಾತು ಶುರು ಮಾಡಿದೆ. ಅವರು ಜಗಲಿಯಲ್ಲಿ ಕೂತು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿದ್ದರು. ‘ನೀವು ಶಾಲೆಗೆ ಯಾರ ಒಟ್ಟಿಗೆ ಹೋಗುತ್ತಿದ್ದಿರಿ ಅಕ್ಕಾ?’ ಅಂತ ಕೇಳಿದೆ, ಅಷ್ಟೇ. ತೋಡು ದಾಟುವುದು, ಕೊಡೆ ಹಾರಿಹೋದದ್ದು, ಗಂಜಿ ಊಟ, ಎಲ್ಲ ಬಂತು. ಹಾಗೆ ಬರುತ್ತಾ ಬರುತ್ತಾ ಎಂಟನೇ ತರಗತಿಗೆ ಬಂದೆವು. ಆ ವರ್ಷ ಗಣಿತಕ್ಕೆ ಹೊಸ ಮಾಷ್ಟ್ರು ಬಂದಿದ್ದರಂತೆ, ತೆಂಕಣದವರು, ಅಂದರೆ ಕೇರಳದ ದಕ್ಷಿಣದ ಕಡೆಯವರು. ಕನ್ನಡ ಅಕ್ಷರ ಗೊತ್ತಿಲ್ಲ. ಅಕ್ಕನದ್ದು ಗಡಿಯ ಒಳಗಿನ ಊರು, ಪೇಟೆ ಮಕ್ಕಳ ಹಾಗೆ ಮಲಯಾಳ ಕಿವಿಗೆ ಬಿದ್ದು ಅಭ್ಯಾಸ ಇಲ್ಲ.

ಮಾಷ್ಟ್ರು ಬೋರ್ಡಿನಲ್ಲಿ ಲೆಕ್ಕ ಬರೆದು ಇವರನ್ನು ಎಬ್ಬಿಸಿ ನಿಲ್ಲಿಸಿ ‘ಮನಸ್ಸಿಲಾಯೋ?’ ಅಂತ ಕೇಳಿದರು.

ಮಲಯಾಳದಲ್ಲಿ ಅದಕ್ಕೆ ‘ಅರ್ಥ ಆಯ್ತಾ’ ಅಂತ ಅರ್ಥ. ಈ ಹುಡುಗಿಯ ಕಿವಿಗೆ ಬಿದ್ದದ್ದು ‘ಮನಸ್ಸಿಲ್ವಾ?’ ಕಲಿಯಲು ಮನಸ್ಸಿಲ್ವಾ ಅಂತ ಗದರಿಸುತ್ತಿದ್ದಾರೆ ಅಂದುಕೊಂಡು ಹೆದರಿ ‘ಇಲ್ಲ, ಇಲ್ಲ’ ಅಂದಳು. ಹಾಗೇನಿಲ್ಲ ಸಾರ್, ಮನಸ್ಸುಂಟು ಅನ್ನುವ ‘ಇಲ್ಲ’ ಅದು. ‘ಇಲ್ಲ’ ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಅಲ್ವಾ. ಅರ್ಥ ಆಗಲಿಲ್ಲ ಅನ್ನುತ್ತಿದ್ದಾಳೆ ಅಂತ ಅವರು ತಿಳಿದರು. ಪಾಪ, ಮತ್ತೆ ಮೊದಲಿನಿಂದ ಹೇಳಿಕೊಟ್ಟರು, ಮಲಯಾಳದಲ್ಲೇ. ಮತ್ತೆ ‘ಮನಸ್ಸಿಲಾಯೋ?’ ಮತ್ತೆ ಇವಳ ‘ಇಲ್ಲ’. ಮೂರನೇ ಸಲಕ್ಕೆ ಸೀಮೆಸುಣ್ಣ ಮೇಜಿನ ಮೇಲೆ ಬಿಸಾಡಿ, ಕೂತುಕೋ ಅಂತ ಕೈಸನ್ನೆ ಮಾಡಿದರು. ಆ ವರ್ಷ ಮತ್ತೆ ಅವಳನ್ನು ಒಂದು ಪ್ರಶ್ನೆಯೂ ಕೇಳಲಿಲ್ಲ.

ಇದನ್ನು ಅಕ್ಕ ನಕ್ಕು ನಕ್ಕು ಹೇಳಿದರು. ನಾನೂ ನಕ್ಕೆ.

ಮನೆಗೆ ಬಂದು ರೆಕಾರ್ಡಿಂಗ್ ಕೇಳಿಸಿಕೊಂಡು ಬರೆಯಲು ಕೂತೆ. ಆಗ ನನ್ನ ತಲೆಯಲ್ಲಿ ಇದ್ದದ್ದು, ಪ್ರಬಂಧ ಅಂದರೆ ಶುದ್ಧ ಕನ್ನಡದಲ್ಲಿ ಇರಬೇಕು ಅಂತ. ತುಳು, ಮಲಯಾಳ, ಅರೆಬರೆ ಮಾತು ಎಲ್ಲವನ್ನೂ ಚೆಂದ ಮಾಡಿ ಇಳಿಸಿದೆ. ಆ ಘಟನೆ ಹೀಗಾಯಿತು: ‘ಶಿಕ್ಷಕರು ಅರ್ಥವಾಯಿತೇ ಎಂದು ಕೇಳಿದರು. ನಾನು ಇಲ್ಲ ಎಂದೆನು. ಅವರ ಭಾಷೆ ನನಗೆ ತಿಳಿಯುತ್ತಿರಲಿಲ್ಲ.’

ನೋಡಿ, ಏನು ಉಳಿಯಿತು? ಏನೂ ಇಲ್ಲ. ಎರಡು ಭಾಷೆಗಳ ನಡುವೆ ಒಂದು ಮಗು ಹೇಗೆ ಸಿಕ್ಕಿಬಿತ್ತು ಅನ್ನುವುದೇ ಆ ಕಥೆಯ ಜೀವ. ನಾನು ಅದನ್ನು ತೊಳೆದು ಬಿಸಾಡಿದ್ದೆ. ಹೀಗೆ ಆರು ತಿಂಗಳು ತೊಳೆದೆ. ಕೊನೆಗೆ ನನ್ನ ಗೈಡ್ ಮೂರು ಜನರ ಬರಹ ಓದಿ ‘ಇವರು ಮೂವರೂ ಒಂದೇ ಬಾಯಲ್ಲಿ ಮಾತಾಡುತ್ತಾರಲ್ಲ ಮಾರಾಯ್ತಿ, ಇದು ನಿನ್ನದೇ ಬಾಯಿ ಅಲ್ವಾ?’ ಅಂದರು. ಎಲ್ಲವನ್ನೂ ಮೊದಲಿನಿಂದ ಕೇಳಿದೆ.

ಆದ್ದರಿಂದ ನಿಮಗೆ ಒಂದೇ ಒಂದು ಮಾತು ಹೇಳಬೇಕಾದರೆ ಇದು: ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ತುಳು ಬಂದಲ್ಲಿ ತುಳು, ಹವ್ಯಕ ಬಂದಲ್ಲಿ ಹವ್ಯಕ, ಬ್ಯಾರಿ ಬಂದಲ್ಲಿ ಬ್ಯಾರಿ, ಕನ್ನಡ ಅಕ್ಷರದಲ್ಲೇ ಸಾಕು. ಓದುವವರಿಗೆ ಬೇಕಾದರೆ ಪಕ್ಕದಲ್ಲಿ ಅರ್ಥ ಕೊಡಿ. ನಮ್ಮ ಊರಲ್ಲಿ ಜನ ಭಾಷೆ ಬದಲಿಸುವುದು ಸುಮ್ನೆ ಅಲ್ಲ. ಮಾಷ್ಟ್ರು ಬೈದದ್ದನ್ನು ಬೈದ ಭಾಷೆಯಲ್ಲೇ ಹೇಳುತ್ತಾರೆ. ಅಮ್ಮ ಹೇಳಿದ್ದು ಮನೆಮಾತಲ್ಲಿ ಬರುತ್ತದೆ. ಸರಕಾರಿ ಕಾಗದದ ವಿಷಯ ಬಂದರೆ ಮಲಯಾಳ ಶಬ್ದ ಇಣುಕುತ್ತದೆ. ಎಲ್ಲಿ ಭಾಷೆ ಹೊರಳಿತೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಹಾಕಿ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಆ ಗೆರೆಗಳಿಂದ ಹುಟ್ಟಿದ್ದು. ಮೊಬೈಲಿನ ಆ್ಯಪ್‌ ಮಾತನ್ನು ತಾನೇ ಬರಹ ಮಾಡಿಕೊಡುತ್ತದೆ ಅಂತ ನಂಬಬೇಡಿ. ನನ್ನ ಆ್ಯಪ್‌ಗೆ ತುಳು ಕೇಳಿಸಿದಾಗಲೆಲ್ಲ ಏನೇನೋ ಕನ್ನಡ ಹುಟ್ಟುತ್ತಿತ್ತು, ಓದಿ ನಗಬಹುದು ಅಷ್ಟೇ. ಒಂದು ಗಂಟೆಯ ಮಾತು ಬರೆಯಲು ನನಗೆ ಏಳು ಗಂಟೆ ಹಿಡಿಯುತ್ತಿತ್ತು. ಅದನ್ನು ಲೆಕ್ಕ ಹಾಕಿಯೇ ಜನರ ಸಂಖ್ಯೆ ನಿರ್ಧಾರ ಮಾಡಿ.

ಎರಡನೇ ಸಲ ಕೇಳಿಸಿಕೊಂಡಾಗ ಇನ್ನೊಂದು ಸಿಕ್ಕಿತು. ಅಕ್ಕನ ರೆಕಾರ್ಡಿಂಗ್ ಉದ್ದಕ್ಕೂ ಕತ್ತರಿಯ ಶಬ್ದ ಉಂಟು, ಕಚ್ ಕಚ್ ಕಚ್. ಮೊದಲು ನನಗೆ ಅದು ಬರೀ ಉಪದ್ರ ಆಗಿತ್ತು. ಸೀಮೆಸುಣ್ಣದ ಕಥೆ ಹೇಳಿ ನಕ್ಕಾದ ಮೇಲೆ ಆ ಶಬ್ದ ನಿಲ್ಲುತ್ತದೆ. ಹನ್ನೊಂದು ಸೆಕೆಂಡು ಏನೂ ಇಲ್ಲ. ದೂರದಲ್ಲಿ ಒಂದು ಕೋಳಿ. ಆಮೇಲೆ ಮೆಲ್ಲ ‘ಎಂಕ್ ಲೆಕ್ಕ ಬರ್ಪುಜಿ ಟೀಚರೇ’ ಅನ್ನುತ್ತಾರೆ. ನನಗೆ ಲೆಕ್ಕ ಬರುವುದಿಲ್ಲ ಅಂತ. ಆಮೇಲೆ ಮತ್ತೆ ಕತ್ತರಿ ಶುರು.

ಕಥೆ ಹೇಳಿದವರು ಅದರಿಂದ ತಾವೇನು ಅರ್ಥ ಮಾಡಿಕೊಂಡರು ಅನ್ನುವುದು ಅಲ್ಲಿತ್ತು. ಮಾಷ್ಟ್ರಿಗೆ ಕನ್ನಡ ಬರುತ್ತಿರಲಿಲ್ಲ ಅಂತ ಅಲ್ಲ, ತನಗೆ ಲೆಕ್ಕ ಬರುವುದಿಲ್ಲ ಅಂತ. ಅಮೆರಿಕದ ಭಾಷಾವಿಜ್ಞಾನಿ ಲಬೋವ್, ವಾಲೆಟ್ಸ್ಕಿ ಜೊತೆ ಸೇರಿ 1967ರಲ್ಲಿ ಜನ ತಮ್ಮ ಅನುಭವ ಹೇಳುವ ರೀತಿಯನ್ನು ಬಿಡಿಸಿ ನೋಡಿದ್ದರು. ಏನಾಯಿತು ಅನ್ನುವುದರ ಜೊತೆಗೆ ‘ಇದನ್ನು ನಾನು ಯಾಕೆ ಹೇಳುತ್ತಿದ್ದೇನೆ’ ಅನ್ನುವ ಒಂದು ಭಾಗ ಕಥೆಯೊಳಗೆ ಇರುತ್ತದೆ ಅಂತ ತೋರಿಸಿದರು. ಪುಸ್ತಕದಲ್ಲಿ ಓದುವಾಗ ನನಗೆ ಅದು ತಲೆಗೆ ಹೋಗಿರಲಿಲ್ಲ. ಕತ್ತರಿ ನಿಂತಾಗ ಹೋಯಿತು. ನೀವೂ ಮೌನ, ನಗು, ಕೆಮ್ಮು, ಮಧ್ಯೆ ಎದ್ದು ಹೋಗಿ ನೀರು ಕುಡಿದದ್ದು, ಎಲ್ಲ ಬರೆದುಕೊಳ್ಳಿ.

ಸುಳ್ಳು ಹೇಳಿದರೆ ಏನು ಮಾಡುವುದು ಅಂತ ಕೇಳಿದ್ದಿರಲ್ಲ. ಹಸಿ ಸುಳ್ಳು ಹೇಳುವವರು ಕಡಿಮೆ. ನೆನಪು ತಾನೇ ಕಥೆ ಕಟ್ಟುವುದು ಜಾಸ್ತಿ. ನಾನು ಮಾತಾಡಿಸಿದ ಒಬ್ಬ ನಿವೃತ್ತ ಮಾಷ್ಟ್ರು ಇದ್ದರು. 1956 ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಹತ್ತು ವರ್ಷದ ಹುಡುಗ. ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ವರದಿ ಕೊಟ್ಟಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ‘ವರದಿ ಬಂದ ದಿನ ಶಾಲೆಗೆ ರಜೆ ಕೊಟ್ಟು ಮಕ್ಕಳಿಗೆಲ್ಲ ಬೆಲ್ಲ ಹಂಚಿದೆವು’ ಅಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ಕೇಳುವಾಗ ನನಗೂ ರೋಮ ನಿಂತಿತ್ತು. ಆದರೆ ಶಾಲೆಯ ಹಳೆಯ ಹಾಜರಿ ಪುಸ್ತಕ ನೋಡಿದರೆ ಆ ವಾರ ರಜೆಯೇ ಇಲ್ಲ.

ಈಗ ಏನು ಮಾಡುತ್ತೀರಿ? ಕಥೆಯನ್ನು ಬಿಟ್ಟುಬಿಡುವುದಾ? ಬೇಡ. ಹಾಗಂತ ‘ಆ ದಿನ ಶಾಲೆಗೆ ರಜೆ ಇತ್ತು’ ಅಂತ ಪ್ರಬಂಧದಲ್ಲಿ ಬರೆದರೆ ಅದು ತಪ್ಪು. ನಾನು ಎರಡನ್ನೂ ಬರೆದೆ. ಮಾಷ್ಟ್ರು ಹೀಗೆ ನೆನೆಯುತ್ತಾರೆ, ಹಾಜರಿ ಪುಸ್ತಕ ಹೀಗೆ ಹೇಳುತ್ತದೆ. ವರದಿ ಜಾರಿಗೆ ಬರಲೇ ಇಲ್ಲ. ಹಂಚದ ಬೆಲ್ಲವನ್ನು ಒಬ್ಬ ಮನುಷ್ಯ ಐವತ್ತು ವರ್ಷ ಯಾಕೆ ನೆನಪಿಟ್ಟುಕೊಂಡ ಅನ್ನುವುದು ನನ್ನ ಪ್ರಶ್ನೆ ಆಯಿತು. ಕಥೆ ‘ಏನು ನಡೆಯಿತು’ ಅನ್ನುವುದಕ್ಕೆ ಅರ್ಧ ಸಾಕ್ಷಿ, ‘ಅವರ ಒಳಗೆ ಏನು ಉಳಿಯಿತು’ ಅನ್ನುವುದಕ್ಕೆ ಪೂರ್ತಿ ಸಾಕ್ಷಿ. ಮೊದಲನೆಯದಕ್ಕೆ ದಾಖಲೆ ಹುಡುಕಲೇಬೇಕು.

ಇನ್ನೊಂದು ವಿಷಯ. ಆ ಮಾಷ್ಟ್ರು ಈ ಕಥೆಯನ್ನು ಎಷ್ಟೋ ವೇದಿಕೆಯಲ್ಲಿ ಹೇಳಿದವರು. ಎಲ್ಲಿ ಚಪ್ಪಾಳೆ ಬೀಳುತ್ತದೆ ಅಂತ ಅವರಿಗೆ ಗೊತ್ತು. ನಮ್ಮ ಕಡೆ ಭಾಷೆಯ ವಿಷಯ ಅಂದರೆ ಹೋರಾಟದ ಕಥೆ ಹೀಗೆ ತಯಾರಾಗಿಯೇ ಇರುತ್ತದೆ. ಅದಕ್ಕೆ ಗೌರವ ಕೊಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಮೂರನೇ ಸಲ ಹೋದಾಗ ಅವರು ಮೊಮ್ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ ವಿಷಯ ಬಂತು. ಅದನ್ನು ಯಾವ ವೇದಿಕೆಯಲ್ಲೂ ಹೇಳಿರಲಿಕ್ಕಿಲ್ಲ.

ಇಸವಿ ಮಾತ್ರ ಮರೆಯದೆ ಕೇಳಿ. 10ನೇ ತರಗತಿವರೆಗೆ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾನೂನು ಕೇರಳದಲ್ಲಿ ಬಂದದ್ದು 2017ರಲ್ಲಿ. ಅದಕ್ಕಿಂತ ಮೊದಲು ಶಾಲೆ ಮುಗಿಸಿದವರ ಕಥೆಯನ್ನೂ ಆಮೇಲಿನವರ ಕಥೆಯನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಸಂವಿಧಾನದ 350ಎ ವಿಧಿ, ಅಂದರೆ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಕೊಡಬೇಕು ಅನ್ನುವುದು, 1956ರ ಏಳನೇ ತಿದ್ದುಪಡಿಯಿಂದ ಬಂದದ್ದು. ಇಂಥದ್ದು ನಿಮಗೆ ಗೊತ್ತಿರಲಿ. ಆದರೆ ಸಂದರ್ಶನದಲ್ಲಿ ನೀವೇ ಅದನ್ನು ಎತ್ತಬೇಡಿ. ಎತ್ತಿದರೆ ಎಲ್ಲರೂ ಭಾಷಣ ಶುರು ಮಾಡುತ್ತಾರೆ.

ಎಷ್ಟು ಜನ? ನಾನು ಮೂವತ್ತು ಅಂತ ಬರೆದುಕೊಂಡಿದ್ದೆ, ಆರಕ್ಕೆ ನಿಲ್ಲಿಸಿದೆ. ಒಬ್ಬೊಬ್ಬರ ಹತ್ತಿರ ಕಡಿಮೆ ಅಂದರೆ ಮೂರು ಸಲ ಹೋದೆ. ಇಷ್ಟೇ ಇರಬೇಕು ಅಂತ ನಿಯಮ ಇಲ್ಲ, ಈ ವಿಧಾನದಲ್ಲಿ ಕಡಿಮೆ ಜನ ಇರುವುದೇ ಜಾಸ್ತಿ. ಆರರಲ್ಲಿ ಒಬ್ಬರನ್ನು ಬೇಕೆಂದೇ ಎದುರು ಬದಿಯಿಂದ ತೆಗೆದುಕೊಂಡೆ. ಕನ್ನಡ ಬಾರದೆ ಕನ್ನಡ ಮಾಧ್ಯಮ ಶಾಲೆಗೆ ಬಂದು ಬಿದ್ದ ಒಬ್ಬ ಮಲಯಾಳಿ ಅಧ್ಯಾಪಕರು, ಅಕ್ಕನ ಮಾಷ್ಟ್ರಲ್ಲ, ಬೇರೆಯವರು. ರಾತ್ರಿ ಬಾಡಿಗೆ ಕೋಣೆಯಲ್ಲಿ ಒಂದನೇ ತರಗತಿ ಪುಸ್ತಕ ಇಟ್ಟುಕೊಂಡು ಅ ಆ ಇ ಈ ತಿದ್ದಿದ್ದನ್ನು ಅವರು ಹೇಳಿದಾಗ ನನಗೆ ನಾಚಿಕೆ ಆಯಿತು. ಅದುವರೆಗೆ ನಾನು ಅಂಥವರ ಮೇಲೆ ಸಿಟ್ಟು ಮಾತ್ರ ಇಟ್ಟುಕೊಂಡಿದ್ದೆ. ಆ ಸಿಟ್ಟನ್ನೂ ಪ್ರಬಂಧದಲ್ಲಿ ಬರೆದೆ. ಬರೆಯಬೇಕು. ಕಥೆ ಕೇಳುವವರು ಯಾರು ಅನ್ನುವುದರ ಮೇಲೆ ಕಥೆ ಬದಲಾಗುತ್ತದೆ. ನಾನು ಟೀಚರ್ ಆದ್ದರಿಂದಲೇ ಅಕ್ಕ ಮೊದಲ ದಿನ ‘ಎಲ್ಲರೂ ಒಳ್ಳೆಯವರು’ ಅಂದದ್ದು.

ಹೆಸರು ಮುಚ್ಚಿಡುವ ವಿಷಯದಲ್ಲಿ ನಾನು ಕೆಟ್ಟದಾಗಿ ಎಡವಿದ್ದೇನೆ. ಎಲ್ಲರ ಹೆಸರು ಬದಲಿಸಿದ್ದೆ. ಆದರೆ ಒಬ್ಬರ ಕಥೆಯಲ್ಲಿ ‘ರೈಲ್ವೇ ಗೇಟಿನ ಪಕ್ಕದ ಶಾಲೆ’ ಅಂತ ಒಂದು ಮಾತು ಉಳಿದುಹೋಯಿತು. ಒಂದು ಸೆಮಿನಾರಿನಲ್ಲಿ ಓದಿದೆ. ಊಟದ ಸಾಲಲ್ಲಿ ಒಬ್ಬರು ಬಂದು ‘ಅದು ನಮ್ಮ ಇಂಥವರ ಮಗಳಲ್ವಾ?’ ಅಂದರು. ಊರು ಸಣ್ಣದು ಮಾರಾಯ್ರೆ. ಇಲ್ಲಿ ಹೆಸರು ಬೇಕಾಗುವುದಿಲ್ಲ, ಬಸ್ ಸ್ಟಾಪ್ ಹೇಳಿದರೆ ಸಾಕು, ಕುಟುಂಬದ ಜಾತಕ ಹೊರಗೆ ಬರುತ್ತದೆ. ಶಾಲೆ, ಇಸವಿ, ಕಸುಬು ಮೂರೂ ಒಟ್ಟಿಗೆ ಬಂದರೆ ಒಂದನ್ನಾದರೂ ಮಸುಕು ಮಾಡಿ. ಇಲ್ಲಿ ಬರೆದ ಅಕ್ಕನ ವಿಷಯದಲ್ಲೂ ಒಂದೆರಡು ವಿವರ ಬದಲಿಸಿದ್ದೇನೆ, ಅವರನ್ನು ಕೇಳಿಯೇ ಬರೆದಿದ್ದೇನೆ. ಮಕ್ಕಳ ಕಥೆ ಕೇಳುವುದಾದರೆ ಅಪ್ಪ ಅಮ್ಮನ ಸಹಿ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಮಗು ತಲೆ ಕೆಳಗೆ ಹಾಕಿದರೆ ಅಲ್ಲಿಗೆ ಬಿಟ್ಟುಬಿಡಿ.

ಬರೆದದ್ದನ್ನು ಹೇಳಿದವರಿಗೇ ಓದಿ ಹೇಳಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ‘ವ್ಯಾಲಿಡಿಟಿ ಎಲ್ಲಿ?’, ಇದನ್ನು ಹೇಗೆ ನಂಬುವುದು ಅಂತ ಕೇಳುತ್ತಾರೆ. ಆಗ ಇದು ನಿಮ್ಮ ಉತ್ತರದಲ್ಲಿ ಒಂದು. ಅಮೆರಿಕದ ಸಂಶೋಧಕರಾದ ಲಿಂಕನ್ ಮತ್ತು ಗೂಬಾ 1985ರಲ್ಲಿ ಗುಣಾತ್ಮಕ ಸಂಶೋಧನೆಯನ್ನು (ಅಂಕಿಸಂಖ್ಯೆ ಬಿಟ್ಟು ಮಾತು, ಅನುಭವ ನೋಡುವಂಥದ್ದು) ನಂಬಬಹುದಾ ಅಂತ ನೋಡಲು ಬೇರೆಯೇ ಅಳತೆಗೋಲು ಕೊಟ್ಟರು, ಹೇಳಿದವರ ಹತ್ತಿರ ತಿರುಗಿ ಹೋಗಿ ಕೇಳುವುದಕ್ಕೆ ಅವರು ತುಂಬ ತೂಕ ಕೊಟ್ಟಿದ್ದಾರೆ. ನಾನು ಬರಹದ ಪ್ರತಿ ಕೊಟ್ಟು ಬರಲಿಲ್ಲ, ಜಗಲಿಯಲ್ಲಿ ಕೂತು ಓದಿದೆ. ನಿವೃತ್ತ ಮಾಷ್ಟ್ರು ಇಂಗ್ಲಿಷ್ ಮೀಡಿಯಂ ವಿಷಯ ಬಂದಾಗ ‘ಅದೊಂದು ಬೇಡ’ ಅಂದರು. ತೆಗೆದೆ. (ಇಲ್ಲಿ, ಈ ಉತ್ತರದಲ್ಲಿ ಹೇಳುವುದಕ್ಕೆ ಆಮೇಲೆ ಒಪ್ಪಿದರು.) ಹಾಜರಿ ಪುಸ್ತಕದ ವಿಷಯ ಮೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹಾಗಾದರೆ ಬೆಲ್ಲ ಯಾವತ್ತು ಹಂಚಿದ್ದು?’ ಅಂತ ನನ್ನನ್ನೇ ಕೇಳಿದರು.

ಬೀಡಿ ಅಕ್ಕನ ಮನೆಗೆ ಹೋದಾಗ ಅವರು ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ಕೊಡುವ ಕಡೆಗೆ, ಹೊರಟಿದ್ದರು. ನಿಂತುಕೊಂಡೇ ಕೇಳಿದರು. ಅವರ ದಿನಚರಿ ಬರೆಯುವಾಗ ಒಂದು ವಾರದ ಮಜೂರಿ ಎಷ್ಟಾಗುತ್ತದೆ ಅಂತ ನಾನು ಲೆಕ್ಕ ಹಾಕಿ ಬರೆದಿದ್ದೆ. ಅಲ್ಲಿಗೆ ಬಂದಾಗ ನಿಲ್ಲಿಸಿದರು. ‘ಅದು ಸರಿ ಇಲ್ಲ ಟೀಚರೇ. ಸರಿ ಇಲ್ಲ ಅಂತ ತೆಗೆದು ಹಾಕುವ ಬೀಡಿ ಬಿಡಬೇಕು, ಪಿ.ಎಫ್. ಕಳೆಯಬೇಕು’ ಅಂತ ಬಾಯಲ್ಲೇ ಕೂಡಿಸಿ ಕಳೆದು ಸರಿಯಾದ ಮೊತ್ತ ಹೇಳಿದರು. ನಾನು ಕ್ಯಾಲ್ಕುಲೇಟರ್ ಒತ್ತಿ ನೋಡಿದೆ, ಸರಿ ಇತ್ತು. ಅವರ ಮುಖದಲ್ಲಿ ಏನೂ ಇರಲಿಲ್ಲ, ಬಸ್ಸಿಗೆ ತಡ ಆಗುತ್ತಿತ್ತು. ಆ ತಿದ್ದುಪಡಿಯನ್ನೂ ‘ಲೆಕ್ಕ ಬರ್ಪುಜಿ’ ಅನ್ನುವ ಮಾತನ್ನೂ ಪ್ರಬಂಧದ ಒಂದೇ ಪುಟದಲ್ಲಿ ಹಾಕಿದ್ದೇನೆ, ಮಧ್ಯೆ ನನ್ನ ಮಾತು ಏನೂ ಇಲ್ಲದೆ.

ವಿಶ್ಲೇಷಣೆಗೆ ಎರಡು ದಾರಿ ಉಂಟು. ಎಲ್ಲರ ಕಥೆ ಕತ್ತರಿಸಿ ಹೆದರಿಕೆ, ಭಾಷೆ, ಮನೆ ಅಂತ ಗುಂಪು ಮಾಡುವುದು ಒಂದು. ಒಬ್ಬೊಬ್ಬರ ಕಥೆಯನ್ನು ಇಡಿಯಾಗಿ ಇಟ್ಟು ನೋಡುವುದು ಇನ್ನೊಂದು. ಗೈಡ್‌ಗಳಿಗೆ ಮೊದಲನೆಯದು ಇಷ್ಟ, ಟೇಬಲ್ ಮಾಡಬಹುದಲ್ಲ. ನಾನು ಎರಡನ್ನೂ ಮಾಡಿದೆ. ನನ್ನನ್ನು ಕೇಳಿದರೆ ಇಡಿಯಾಗಿ ಇಡುವುದೇ ಒಳ್ಳೆಯದು. ಕತ್ತರಿಸಿದರೆ ಅಕ್ಕನ ‘ಇಲ್ಲ’ ಒಂದು ಡಬ್ಬಕ್ಕೆ, ಹನ್ನೊಂದು ಸೆಕೆಂಡು ಇನ್ನೊಂದು ಡಬ್ಬಕ್ಕೆ ಹೋಗುತ್ತದೆ.

ಮತ್ತೆ, ಯಾವಾಗ ಹೋಗುವುದು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಡಿಕೆ ಕೊಯ್ಲಿನ ಸಮಯದಲ್ಲಿ ತೋಟದವರ ಮನೆಗೆ ಹೋಗಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಯೇ ರೆಕಾರ್ಡ್ ಮಾಡಿ. ಜೂನ್ ಜುಲೈಯಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ರೆಕಾರ್ಡ್ ಮಾಡಲೇಬೇಡಿ. ನನ್ನ ಹತ್ತಿರ ಒಂದೂವರೆ ಗಂಟೆಯ ಒಂದು ಫೈಲು ಉಂಟು, ತುಂಬ ಒಳ್ಳೆಯ ಸಂದರ್ಶನ ಅಂತ ನೆನಪು. ಅದರಲ್ಲಿ ಕೇಳುವುದು ಮಳೆ ಮಾತ್ರ.